ಮನೆಗೆ ಯಾವ ಮೋಡೆಮ್? ಕೊಳ್ಳುವ ಮುನ್ನ ಒಂದಿಷ್ಟು ವಿಚಾರ

ನಾನು ಚಿಕ್ಕವನಾಗಿದ್ದಾಗ ನಮ್ಮ ಮನೆಯಲ್ಲಿ ಒಂದು ರೇಡಿಯೋ ಪೆಟ್ಟಿಗೆ ಇತ್ತು. ಆನೈಮಲೈಯ ಸುತ್ತಿನ ನಮ್ಮ ತೋಟದ ಮನೆಗೆ ಬೆಂಗಳೂರು ಆಕಾಶವಾಣಿ ಹಗಲಿನಲ್ಲಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ತಂದೆಯವರು ಎರಡು ತೆಂಗಿನ ಮರಗಳ ನಡುವೆ ತಾಮ್ರದ ತಂತಿಯೊಂದನ್ನು ಎತ್ತರಕ್ಕೆ ಕಟ್ಟಿ, ಅದರ ತುದಿಯನ್ನು ಪೆಟ್ಟಿಗೆಗೆ ಜೋಡಿಸಿದರು. ಅಂದಿನಿಂದ ಕನ್ನಡ ವಾರ್ತೆ ನಮ್ಮ ಪಡಸಾಲೆಗೆ ಬಂದಿತು. "ಪೆಟ್ಟಿಗೆ ಎಷ್ಟು ದೊಡ್ಡದೆಂದು ನೋಡಬೇಡ, ತಂತಿ ಎಲ್ಲಿದೆಯೆಂದು ನೋಡು" ಎಂದು ಅವರು ಹೇಳುತ್ತಿದ್ದರು. ಆ ಮಾತನ್ನು ನಾನು ಮರೆತು, ಐವತ್ತು ದಾಟಿದ ಮೇಲೆ ಹಣ ಕಳೆದುಕೊಂಡು ಮತ್ತೆ ಕಲಿಯಬೇಕಾಯಿತು.

2020ರ ಮಾರ್ಚ್ ತಿಂಗಳಲ್ಲಿ ಶಾಲೆಗಳು ಮುಚ್ಚಿದವು. ಕಾಲೇಜಿನಲ್ಲಿದ್ದ ಮಗಳು ಮನೆಯಿಂದಲೇ ಪಾಠ ಕೇಳಬೇಕಾಯಿತು. ಅಂಗಡಿಯವರೊಬ್ಬರ ಮಾತನ್ನು ನಂಬಿ ಮೊದಲು ಡಾಂಗಲ್ ಕೊಂಡೆ. ಕೆಲವು ತಿಂಗಳ ಬಳಿಕ ಜೇಬಿನಲ್ಲಿಡುವ ಹಾಟ್‌ಸ್ಪಾಟ್ ಕೊಂಡೆ. ಎರಡೂ ಕೆಟ್ಟ ವಸ್ತುಗಳಲ್ಲ. ಆದರೆ ನನ್ನ ಮನೆಗೆ, ನನ್ನ ಅಗತ್ಯಕ್ಕೆ ಅವು ತಕ್ಕವಾಗಿರಲಿಲ್ಲ. ನನ್ನಂತೆ ಇತರ ಬಂಧುಗಳು ಎರಡೆರಡು ಸಲ ಹಣ ತೆರಬಾರದೆಂಬುದೇ ಈ ಲೇಖನದ ಉದ್ದೇಶ.

ಮೋಡೆಮ್ ಎಂದರೇನು?

ಮಾಡ್ಯುಲೇಟರ್, ಡಿಮಾಡ್ಯುಲೇಟರ್ ಎಂಬ ಎರಡು ಪದಗಳ ತಲೆಗಳನ್ನು ಸೇರಿಸಿ ಮಾಡಿದ ಹೆಸರು ಮೋಡೆಮ್. ಗಣಕಯಂತ್ರದ ಅಂಕಿಗಳನ್ನು ಅಲೆಗಳ ಮೇಲೆ ಏರಿಸಿ ಕಳುಹಿಸುವುದು, ಬಂದ ಅಲೆಗಳಿಂದ ಅಂಕಿಗಳನ್ನು ಇಳಿಸಿಕೊಳ್ಳುವುದು ಇದರ ಕೆಲಸ. ರೌಟರ್ ಎಂಬುದು ಬೇರೆ. ಬಂದ ಸಂಪರ್ಕವನ್ನು ಮನೆಯ ಹಲವು ಫೋನುಗಳಿಗೂ ಗಣಕಗಳಿಗೂ ಹಂಚುವುದು ಅದರ ಕೆಲಸ. ಈಗಿನ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಎರಡೂ ಒಂದೇ ಕಡೆ ಇರುತ್ತವೆ. ಟವರಿನಿಂದ ಮನೆಗೆ ಬರುವ ದಾರಿ ಒಂದು, ಮನೆಯೊಳಗೆ ಹಂಚುವ ವೈ-ಫೈ ದಾರಿ ಇನ್ನೊಂದು. ತೊಂದರೆ ಯಾವ ದಾರಿಯಲ್ಲಿದೆ ಎಂಬುದನ್ನು ತಿಳಿಯದೆ ಪೆಟ್ಟಿಗೆಯನ್ನು ಬದಲಾಯಿಸಿ ಪ್ರಯೋಜನವಿಲ್ಲ.

ನಾಲ್ಕು ಬಗೆಗಳು

ಮೊದಲನೆಯದು ಡಾಂಗಲ್. ಸಿಮ್ ಹಾಕಿ ಗಣಕಯಂತ್ರಕ್ಕೆ ಸಿಕ್ಕಿಸುವ ಬೆರಳುದ್ದದ ಸಾಧನ. ಬೆಲೆ ಕಡಿಮೆ, ಒಬ್ಬರೇ ಒಂದು ಗಣಕದಲ್ಲಿ ಕೆಲಸ ಮಾಡುವುದಾದರೆ ಸಾಕು. ಆದರೆ ಗಣಕ ಎಲ್ಲಿದೆಯೋ ಅಲ್ಲಿಯೇ ಅದೂ ಇರಬೇಕು. ನಮ್ಮ ಗಣಕವಿದ್ದದ್ದು ಎರಡಡಿ ದಪ್ಪದ ಗೋಡೆಯ ಒಳಕೋಣೆಯಲ್ಲಿ. ಅಲ್ಲಿಗೆ ಅಲೆಯೇ ತಲುಪುತ್ತಿರಲಿಲ್ಲ.

ಎರಡನೆಯದು ಬ್ಯಾಟರಿಯುಳ್ಳ ಜೇಬಿನ ಹಾಟ್‌ಸ್ಪಾಟ್. ಪ್ರಯಾಣ ಮಾಡುವವರಿಗೆ ಬಹಳ ಅನುಕೂಲ. ಸಂಕೇತ ಸಿಗುವ ಕಿಟಕಿಯ ಬಳಿ ಇಡಲೂಬಹುದು. ಆದರೆ ಅದರ ಆಂಟೆನಾ ಚಿಕ್ಕದು. ದಿನವಿಡೀ ಚಾರ್ಜಿಗೆ ಹಾಕಿಟ್ಟರೆ ಬ್ಯಾಟರಿ ಬೇಗ ಕೆಡುತ್ತದೆ. ನನ್ನದು ಒಂದೇ ವರ್ಷದಲ್ಲಿ ಉಬ್ಬಿಕೊಂಡಿತು. ಹಾಗೆ ಉಬ್ಬಿದ್ದನ್ನು ಮತ್ತೆ ಬಳಸುವುದು ಅಪಾಯ.

ಮೂರನೆಯದು ಸಿಮ್ ಹಾಕುವ ಮನೆಯ ರೌಟರ್. ಗೋಡೆಯ ವಿದ್ಯುತ್ತಿನಿಂದ ನಡೆಯುತ್ತದೆ. ಇಡೀ ಮನೆಗೆ ಹಂಚುತ್ತದೆ. 4ಜಿ ರೌಟರುಗಳಲ್ಲಿ 'ಕ್ಯಾಟ್ 4' ಎಂದಿದ್ದರೆ ಸೆಕೆಂಡಿಗೆ ಗರಿಷ್ಠ 150 ಮೆಗಾಬಿಟ್, 'ಕ್ಯಾಟ್ 6' ಎಂದಿದ್ದರೆ 300 ಮೆಗಾಬಿಟ್ ಇಳಿಸಿಕೊಳ್ಳಬಲ್ಲದು. ಇವು ಪೆಟ್ಟಿಗೆಯ ಸಾಮರ್ಥ್ಯವೇ ಹೊರತು ನಮಗೆ ಸಿಗುವ ವೇಗವಲ್ಲ. ಹಳ್ಳಿಯವರು ಇದಕ್ಕಿಂತ ಮುಖ್ಯವಾಗಿ ನೋಡಬೇಕಾದದ್ದು, ಹೊರಗಿನ ಆಂಟೆನಾ ಜೋಡಿಸುವ ಅನುಕೂಲ ಇದೆಯೇ ಎಂಬುದನ್ನು.

ನಾಲ್ಕನೆಯದು ಕಂಪನಿಯವರೇ ಬಂದು ಮಾಳಿಗೆಯ ಮೇಲೆ ಗ್ರಾಹಕ ಪೆಟ್ಟಿಗೆ ಕೂರಿಸಿ, ಒಳಗೊಂದು ರೌಟರ್ ಇಟ್ಟುಹೋಗುವ ವ್ಯವಸ್ಥೆ. ನಮ್ಮ ದೇಶದಲ್ಲಿ 5ಜಿ ಸೇವೆ 2022ರ ಅಕ್ಟೋಬರ್ 1ರಂದು ಆರಂಭವಾಯಿತು. ಮರುವರ್ಷ, 2023ರಲ್ಲಿ, ಏರ್‌ಟೆಲ್ ಮತ್ತು ಜಿಯೋ ಕಂಪನಿಗಳು 'ಏರ್‌ಫೈಬರ್' ಎಂಬ ಹೆಸರಿನಲ್ಲಿ ಈ ಸೇವೆಯನ್ನು ತಂದವು. ಹೆಸರಿನಲ್ಲಿ ಫೈಬರ್ ಇದ್ದರೂ ಮನೆಯವರೆಗೆ ಬರುವುದು ಗಾಳಿಯ ಅಲೆಯೇ. ನಮ್ಮ ಊರಿಗೆ ಬರುತ್ತದೆಯೇ, ಪೆಟ್ಟಿಗೆ ಯಾರ ಸ್ವತ್ತು, ಸೇವೆ ಬೇಡವೆಂದಾಗ ಹಿಂದಿರುಗಿಸಬೇಕೇ, ತಿಂಗಳ ಮಿತಿ ಎಷ್ಟು, ಮಿತಿ ಮೀರಿದ ಮೇಲೆ ವೇಗ ಎಷ್ಟು ಇವನ್ನು ಕೇಳಿ, ಬರವಣಿಗೆಯಲ್ಲಿ ನೋಡಿದ ಮೇಲೆಯೇ ಒಪ್ಪಬೇಕು.

ನಿಜವಾದ ಫೈಬರ್ ತಂತಿ ಮನೆಯ ಬಾಗಿಲಿಗೆ ಬರುವುದಾದರೆ ಅದನ್ನೇ ಆರಿಸುವುದು ಮೇಲು. ಮಳೆಗೂ ಮರಕ್ಕೂ ಅದು ಅಂಜುವುದಿಲ್ಲ. ನಿಸ್ತಂತು ಮೋಡೆಮ್ ಬೇಕಾದದ್ದು ತಂತಿ ಬಾರದ ತೋಟದ ಮನೆಗಳಿಗೆ.

ಅಲೆಗಳ ಸ್ವಭಾವ

ಕಡಿಮೆ ಕಂಪನಾಂಕದ ಅಲೆ ದೂರ ಸಾಗುತ್ತದೆ, ಗೋಡೆಯನ್ನೂ ಹೆಚ್ಚು ಚೆನ್ನಾಗಿ ದಾಟುತ್ತದೆ. ಹೆಚ್ಚಿನ ಕಂಪನಾಂಕದ ಅಲೆ ಹೆಚ್ಚು ಹೊರೆ ಹೊರಬಲ್ಲದು, ಆದರೆ ಬೇಗ ದಣಿಯುತ್ತದೆ. 700, 850, 900 ಮೆಗಾಹರ್ಟ್ಸ್ ಮೊದಲ ಬಗೆಯವು. 2300 ಮತ್ತು 5ಜಿಯ 3300ಕ್ಕೆ ಮೇಲ್ಪಟ್ಟವು ಎರಡನೆಯ ಬಗೆಯವು. ಒದ್ದೆಯಾದ ಎಲೆ ಅಲೆಯನ್ನು ಹೀರುತ್ತದೆ. ಆದುದರಿಂದಲೇ ಮುಂಗಾರಿನಲ್ಲಿ ತೆಂಗಿನ ತೋಪಿನ ನಡುವಿನ ಮನೆಗಳಲ್ಲಿ ಸಂಪರ್ಕ ಕುಗ್ಗುವುದು. ಇನ್ನು ವಾಲ್ಪಾರೈ ಮೇಲಿನ ಕಣಿವೆಗಳಲ್ಲಿ ಬೆಟ್ಟವೇ ಅಡ್ಡ ನಿಲ್ಲುತ್ತದೆ. ಟವರ್ ಹತ್ತಿರವಿದ್ದರೂ ಬೆಟ್ಟದ ಮರೆಯ ಮನೆಗೆ ಅದು ಇಲ್ಲದಂತೆಯೇ.

ಪೆಟ್ಟಿಗೆಯ ಮೇಲೆ 'ಬ್ಯಾಂಡ್' ಸಂಖ್ಯೆಗಳನ್ನು ಅಚ್ಚು ಮಾಡಿರುತ್ತಾರೆ. 4ಜಿಗೆ 1, 3, 5, 8, 28, 40, 41 ನಮ್ಮ ದೇಶದಲ್ಲಿ ಬಳಕೆಯಲ್ಲಿರುವ ಸಂಖ್ಯೆಗಳು. 5ಜಿಗೆ ಎನ್78, ಎನ್28 ಮುಖ್ಯವಾದವು. ನಿಮ್ಮ ಟವರಿನ ಬ್ಯಾಂಡ್ ಇಲ್ಲದ ಪೆಟ್ಟಿಗೆ ಎಷ್ಟು ಅಗ್ಗವಾದರೂ ದುಬಾರಿಯೇ. ವಿದೇಶದಿಂದ ಬಂಧುಗಳು ತಂದುಕೊಟ್ಟ ಮೋಡೆಮ್ ಇಲ್ಲಿ ನಡೆಯದಿರುವುದಕ್ಕೆ ಇದೂ ಒಂದು ಕಾರಣ. ಒಂದೇ ಕಂಪನಿಯ ಸಿಮ್‌ಗೆ ಬೀಗ ಹಾಕಿದ ಪೆಟ್ಟಿಗೆಯೇ ಎಂಬುದನ್ನೂ ವಿಚಾರಿಸಿರಿ. 3ಜಿಯನ್ನು ಮಾತ್ರ ಬಲ್ಲ ಹಳೆಯ ಡಾಂಗಲ್ ಯಾರಾದರೂ ಅಗ್ಗವಾಗಿ ಕೊಟ್ಟರೆ ಕೊಳ್ಳಬೇಡಿರಿ.

ಮೊದಲು ಅಳತೆ, ಆಮೇಲೆ ಖರೀದಿ

ನಮ್ಮ ಶಾಲೆಯ ಕಿರಿಯ ವಿಜ್ಞಾನ ಶಿಕ್ಷಕರೊಬ್ಬರು ನನ್ನ ಕಣ್ಣು ತೆರೆಸಿದರು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸಿಮ್ ಸ್ಥಿತಿ ತೋರಿಸುವ ಕಡೆ ಸಂಕೇತದ ಬಲ 'ಡಿಬಿಎಂ' ಎಂಬ ಮಾನದಲ್ಲಿ ಇರುತ್ತದೆ. ಅದು ಋಣ ಸಂಖ್ಯೆ. ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. 4ಜಿಯಲ್ಲಿ ಮೈನಸ್ 85ರ ಆಸುಪಾಸು ಚೆನ್ನಾಗಿದೆ ಎನ್ನಬಹುದು. ಮೈನಸ್ 110 ದಾಟಿದರೆ ದುರ್ಬಲ. ಬೇರೆ ಬೇರೆ ಕಂಪನಿಯ ಸಿಮ್ ಇರುವ ಫೋನುಗಳನ್ನು ನೆರೆಯವರಿಂದ ಪಡೆದು, ಮನೆಯ ಕೋಣೆ, ಜಗಲಿ, ಮಾಳಿಗೆಗಳಲ್ಲಿ ನಿಂತು ಬರೆದುಕೊಂಡೆವು. ಒಳಕೋಣೆಯಲ್ಲಿ ಮೈನಸ್ 116, ಮಾಳಿಗೆಯ ಉತ್ತರ ಮೂಲೆಯಲ್ಲಿ ಮೈನಸ್ 92. ಪೆಟ್ಟಿಗೆಯನ್ನು ದೂಷಿಸುತ್ತಿದ್ದ ನಾನು ಸುಮ್ಮನಾದೆ. ಆಂಟೆನಾ ಜೋಡಿಸಬಹುದಾದ ಸಿಮ್ ರೌಟರ್ ಕೊಂಡು, ಆಂಟೆನಾವನ್ನು ಆ ಮೂಲೆಯಲ್ಲಿ ಟವರಿನ ಕಡೆ ಮುಖಮಾಡಿ ಕಟ್ಟಿದೆವು. ಆಂಟೆನಾದಿಂದ ರೌಟರಿಗೆ ಎಳೆಯುವ ತಂತಿ ಚಿಕ್ಕದಿರಬೇಕು. ಉದ್ದವಾದಷ್ಟೂ ಬಲ ಸೋರುತ್ತದೆ.

ಸ್ವಲ್ಪ ಗಣಿತವೂ ಬೇಕು. ಎಂಟು ಬಿಟ್ ಸೇರಿದರೆ ಒಂದು ಬೈಟ್. ಸೆಕೆಂಡಿಗೆ 40 ಮೆಗಾಬಿಟ್ ಎಂದರೆ 5 ಮೆಗಾಬೈಟ್ ಮಾತ್ರ. ಒಂದು ದೃಶ್ಯ ಪಾಠಕ್ಕೆ ಸೆಕೆಂಡಿಗೆ 1.5 ಮೆಗಾಬಿಟ್ ಬೇಕೆಂದು ಇಟ್ಟುಕೊಂಡರೆ ಗಂಟೆಗೆ 675 ಮೆಗಾಬೈಟ್. ದಿನಕ್ಕೆ ನಾಲ್ಕು ಗಂಟೆಯಂತೆ ಮೂವತ್ತು ದಿನಕ್ಕೆ 81 ಗಿಗಾಬೈಟ್. ದಿನಕ್ಕೆ 2 ಗಿಗಾಬೈಟಿನ ಫೋನ್ ಯೋಜನೆ ಇದಕ್ಕೆ ಸಾಲದು.

ವಿದ್ಯುತ್ ಹೋದಾಗ ರೌಟರ್ ನಿಲ್ಲುತ್ತದೆ. ಅದಕ್ಕೆಂದೇ ಸಿಗುವ 12 ವೋಲ್ಟಿನ ಚಿಕ್ಕ ಯು.ಪಿ.ಎಸ್. ಒಂದನ್ನು ಇಟ್ಟುಕೊಳ್ಳುವುದು ಜಾಣತನ. ಕೊಳ್ಳುವಾಗ ರೌಟರಿನ ವೋಲ್ಟ್ ಮತ್ತು ಆಂಪಿಯರ್ ಹೊಂದುತ್ತವೆಯೇ ಎಂದು ನೋಡಬೇಕು. ಮನೆಯೊಳಗೆ ಒಂದೆರಡು ಗೋಡೆ ದಾಟಬೇಕಾದರೆ 2.4 ಗಿಗಾಹರ್ಟ್ಸ್ ವೈ-ಫೈ, ಅದೇ ಕೋಣೆಯಲ್ಲಾದರೆ 5 ಗಿಗಾಹರ್ಟ್ಸ್ ಒಳ್ಳೆಯದು. ಕೊನೆಯದಾಗಿ, ಗುಪ್ತಪದವನ್ನು ಮೊದಲ ದಿನವೇ ಬದಲಾಯಿಸಿರಿ.

ಯಾತಕ್ಕಾಗಿ ಇಷ್ಟೆಲ್ಲ?

ಈ ಸೀಮೆಯಲ್ಲಿ ನಮ್ಮ ಒಕ್ಕಲಿಗರ ಮನೆಗಳಲ್ಲೂ ದೇವಾಂಗರ ಮನೆಗಳಲ್ಲೂ ಮಾತು ಕನ್ನಡ, ಬರಹ ತಮಿಳು. ಮಕ್ಕಳು ಅಜ್ಜಿಯೊಡನೆ ಕನ್ನಡದಲ್ಲಿ ಜಗಳವಾಡುತ್ತಾರೆ, ಆದರೆ ಕನ್ನಡದ ಒಂದು ಅಕ್ಷರವನ್ನೂ ಅರಿಯರು. ಮೈಸೂರಿನಲ್ಲಿರುವ ನನ್ನ ಅಕ್ಕ ನಿವೃತ್ತ ಉಪಾಧ್ಯಾಯಿನಿ. 2021ರಿಂದ ಪ್ರತಿ ಭಾನುವಾರ ಸಂಜೆ ಅವರು ಅಲ್ಲಿಂದ ಪಾಠ ಹೇಳುತ್ತಾರೆ. ನಮ್ಮ ಜಗಲಿಯಲ್ಲಿ ಎಂಟು ಮಕ್ಕಳು ಕುಳಿತು ಬರೆಯುತ್ತಾರೆ. ಹಳೆಯ ಹಾಟ್‌ಸ್ಪಾಟಿನ ಕಾಲದಲ್ಲಿ ಅಕ್ಕನವರ ದನಿ ತುಂಡುತುಂಡಾಗಿ ಬರುತ್ತಿತ್ತು. 'ನಮ್ಮ ಹಳ್ಳಿ' ಎಂದು ಉಕ್ತಲೇಖನ ಹೇಳಿದರೆ ಒಬ್ಬ ಹುಡುಗ 'ನಮ್ಮ ಹಲ್ಲಿ' ಎಂದು ಬರೆದ. ಎಲ್ಲರೂ ನಕ್ಕೆವು. ಆದರೆ ಮುಂದಿನ ಭಾನುವಾರ ಆ ಹುಡುಗ ಬರಲಿಲ್ಲ. ಅದರ ಮುಂದಿನ ವಾರ ಇನ್ನಿಬ್ಬರು ಬರಲಿಲ್ಲ. ಸಂಪರ್ಕ ಕಡಿದುಹೋದರೆ ಮಕ್ಕಳ ಮನಸ್ಸೂ ಕಡಿದುಹೋಗುತ್ತದೆಂಬುದು ಅಂದು ತಿಳಿಯಿತು.

1935ರಲ್ಲಿ ಮೈಸೂರಿನಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರವನ್ನು ತೆರೆದಾಗ ಅದರ ದನಿ ಇಷ್ಟು ದೂರ ಬಂದೀತೆಂದು ಯಾರು ಎಣಿಸಿದ್ದರು? ಇಂದು ಆಕಾಶವಾಣಿಯ ಕನ್ನಡ ಕಾರ್ಯಕ್ರಮಗಳನ್ನು ಅಂತರಜಾಲದಲ್ಲೇ ಕೇಳಬಹುದು. ನನ್ನ ತಾಯಿಯವರು ಬೆಳಗಿನ ಕಾಫಿಯೊಡನೆ ಕೇಳುತ್ತಾರೆ.

ಆದುದರಿಂದ ಬಂಧುಗಳು ಅಂಗಡಿಗೆ ಹೋಗುವ ಮುನ್ನ ಒಂದು ಕಾಗದದ ಮೇಲೆ ಬರೆದುಕೊಳ್ಳಲಿ: ಮನೆಯಲ್ಲಿ ಬಳಸುವವರು ಎಷ್ಟು ಮಂದಿ, ಯಾವ ಕೆಲಸಕ್ಕೆ, ಯಾವ ಮೂಲೆಯಲ್ಲಿ ಯಾವ ಸಿಮ್‌ಗೆ ಬಲ ಎಷ್ಟು, ತಿಂಗಳಿಗೆ ಕೊಡಬಲ್ಲ ಹಣ ಎಷ್ಟು. ಈ ನಾಲ್ಕಕ್ಕೆ ಉತ್ತರ ದೊರೆತರೆ ಯಾವ ಮೋಡೆಮ್ ಎಂಬ ಪ್ರಶ್ನೆ ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

ಆ ಹುಡುಗನ ಮನೆಗೆ ನಾನೇ ಹೋಗಿ ಕರೆತಂದೆ. ಈಗ ಅವನು ಹಳ್ಳಿಯನ್ನು ಹಳ್ಳಿಯೆಂದೇ ಬರೆಯುತ್ತಾನೆ.