ದೀಕ್ಷಾರ್ಥಿಗಳ ಜೊತೆಗೂಡಿ ನಡೆಯೋಣ



ಜೆರುಸಲೇಮಿನಿಂದ ಗಾಜಾಕ್ಕೆ ಹೋಗುವ ದಾರಿ. ಇಥಿಯೋಪಿಯದ ರಾಣಿಯ ಕೋಶಾಧಿಕಾರಿ ರಥದಲ್ಲಿ ಕುಳಿತು ಪ್ರವಾದಿ ಯೆಶಾಯನ ಗ್ರಂಥವನ್ನು ಓದುತ್ತಿದ್ದಾನೆ. ಅರ್ಥವಾಗುತ್ತಿಲ್ಲ. ತಿಳಿಸಿಕೊಡುವವರಿಲ್ಲದೆ ತನಗೆ ಹೇಗೆ ತಿಳಿದೀತು ಎಂದು ಫಿಲಿಪ್ಪನನ್ನೇ ಕೇಳುತ್ತಾನೆ (ಪ್ರೇಷಿತರ ಕಾರ್ಯಕಲಾಪಗಳು ೮). ಫಿಲಿಪ್ಪನು ರಥವನ್ನೇರಿ ಅವನ ಪಕ್ಕದಲ್ಲೇ ಕೂರುತ್ತಾನೆ. ವಯಸ್ಕರಾಗಿ ವಿಶ್ವಾಸವನ್ನು ಅರಸಿ ಬರುವವರಿಗೆ ಧರ್ಮಸಭೆ ಮಾಡಬೇಕಾದದ್ದೂ ಇದನ್ನೇ.

ಆದಿ ಧರ್ಮಸಭೆಯಲ್ಲಿ ಇದಕ್ಕೆ ದೀರ್ಘವಾದ ಸಿದ್ಧತೆಯಿತ್ತು. ಸಂತ ಅಗಸ್ಟೀನರು ೩೮೭ರ ಪಾಸ್ಖ ಜಾಗರಣೆಯಲ್ಲಿ ಮಿಲಾನಿನ ಧರ್ಮಾಧ್ಯಕ್ಷ ಸಂತ ಅಂಬ್ರೋಸರಿಂದ ದೀಕ್ಷಾಸ್ನಾನ ಪಡೆದದ್ದು ಇಂಥ ಸಿದ್ಧತೆಯ ನಂತರವೇ. ಶಿಶುಗಳ ದೀಕ್ಷಾಸ್ನಾನ ರೂಢಿಯಾದಂತೆ ಈ ಕ್ರಮ ಮರೆಯಾಯಿತು. ಎರಡನೇ ವ್ಯಾಟಿಕನ್ ಮಹಾಸಭೆ ೧೯೬೩ರಲ್ಲಿ ಅದನ್ನು ಮರಳಿ ತರಲು ಹೇಳಿತು. ೧೯೭೨ರಲ್ಲಿ ವಯಸ್ಕರ ಕ್ರೈಸ್ತ ದೀಕ್ಷಾವಿಧಿ ಪ್ರಕಟವಾಯಿತು.

ಈ ಪ್ರಯಾಣದಲ್ಲಿ ನಾಲ್ಕು ಹಂತಗಳಿವೆ. ಮೊದಲನೆಯದು ವಿಚಾರಣೆಯ ಕಾಲ: ಬಂದವರು ಕೇಳುತ್ತಾರೆ, ನಾವು ಶುಭಸಂದೇಶವನ್ನು ಹಂಚಿಕೊಳ್ಳುತ್ತೇವೆ. ಎರಡನೆಯದು ದೀಕ್ಷಾರ್ಥಿಯ ಕಾಲ: ಹಣೆಯ ಮೇಲೆ ಶಿಲುಬೆಯ ಗುರುತು ಪಡೆದು ಅವರು ದೇವರ ವಾಕ್ಯವನ್ನೂ ಪ್ರಾರ್ಥನೆಯನ್ನೂ ಕ್ರೈಸ್ತ ಬಾಳನ್ನೂ ಕಲಿಯುತ್ತಾರೆ. ಆ ದಿನದಿಂದಲೇ ಅವರು ಧರ್ಮಸಭೆಯ ಮನೆಯವರು. ದೀಕ್ಷಾಸ್ನಾನಕ್ಕೆ ಮುನ್ನವೇ ತೀರಿಕೊಂಡರೂ ಅವರಿಗೆ ಕ್ರೈಸ್ತ ಅಂತ್ಯಸಂಸ್ಕಾರ ಸಲ್ಲುತ್ತದೆ. ಮೂರನೆಯದು ತಪಸ್ಸುಕಾಲ: ಮೊದಲ ಭಾನುವಾರ ಧರ್ಮಾಧ್ಯಕ್ಷರ ಮುಂದೆ ಅವರ ಆಯ್ಕೆ ನಡೆಯುತ್ತದೆ. ಮೂರು, ನಾಲ್ಕು, ಐದನೇ ಭಾನುವಾರಗಳಂದು ಸಮಾರಿಯದ ಸ್ತ್ರೀ, ಹುಟ್ಟುಕುರುಡ, ಲಾಜರ ಇವರ ವೃತ್ತಾಂತಗಳನ್ನು ಓದಿ ಅವರಿಗಾಗಿ ಪ್ರಾರ್ಥಿಸುತ್ತೇವೆ. ಬಾಯಾರಿಕೆಗೆ ನೀರು, ಕತ್ತಲೆಗೆ ಬೆಳಕು, ಮರಣಕ್ಕೆ ಜೀವ! ಪಾಸ್ಖ ಜಾಗರಣೆಯಂದು ದೀಕ್ಷಾಸ್ನಾನ, ದೃಢೀಕರಣ, ಪರಮಪ್ರಸಾದ ಮೂರನ್ನೂ ಒಂದೇ ರಾತ್ರಿ ಸ್ವೀಕರಿಸುತ್ತಾರೆ. ಬೇರೆ ಸಭೆಯಲ್ಲಿ ಈಗಾಗಲೇ ಮಾನ್ಯವಾದ ದೀಕ್ಷಾಸ್ನಾನ ಪಡೆದು ಬಂದವರಿಗಾದರೋ ಮತ್ತೊಮ್ಮೆ ದೀಕ್ಷಾಸ್ನಾನವಿಲ್ಲ.

ಇಲ್ಲೊಂದು ಮಾತನ್ನು ಬಿಚ್ಚಿ ಹೇಳಬೇಕು. "ಮದುವೆಯ ದಿನ ಗೊತ್ತಾಗಿದೆ ಫಾದರ್, ಅಷ್ಟರೊಳಗೆ ಹುಡುಗಿಗೆ ದೀಕ್ಷಾಸ್ನಾನ ಕೊಟ್ಟುಬಿಡಿ" ಎಂದು ಕೇಳುವ ಕುಟುಂಬಗಳು ನಮ್ಮಲ್ಲಿವೆ. ಅವರ ಆತಂಕ ನಮಗೆ ಅರ್ಥವಾಗುತ್ತದೆ. ಆದರೆ ಛತ್ರದ ದಿನಾಂಕಕ್ಕೆ ವಿಶ್ವಾಸವನ್ನು ಹೊಂದಿಸಲಾಗದು. ಧರ್ಮಾಧ್ಯಕ್ಷರ ವಿನಾಯಿತಿ ಪಡೆದು, ದೀಕ್ಷಾಸ್ನಾನ ಪಡೆಯದವರನ್ನೂ ದೇವಾಲಯದಲ್ಲಿ ವಿವಾಹವಾಗಲು ಧರ್ಮಸಭೆಯ ಕಾನೂನಿನಲ್ಲಿ ದಾರಿಯಿದೆ. ಆದ್ದರಿಂದ ಮದುವೆಗಾಗಿ ಯಾರೂ ದೀಕ್ಷೆ ಪಡೆಯಬೇಕಿಲ್ಲ, ಯಾರನ್ನೂ ಒತ್ತಾಯಿಸಲೂಬಾರದು. ಬಲವಂತದಿಂದಾಗಲಿ ಆಮಿಷದಿಂದಾಗಲಿ ಯಾರನ್ನೂ ವಿಶ್ವಾಸಕ್ಕೆ ಸೆಳೆಯುವುದನ್ನು ೧೯೬೫ರಲ್ಲಿ ಅದೇ ಮಹಾಸಭೆ ಕಟ್ಟುನಿಟ್ಟಾಗಿ ನಿಷೇಧಿಸಿದೆ. ಆ ಹುಡುಗಿ ಮುಂದೊಂದು ದಿನ ತಾನಾಗಿಯೇ ಬಂದು ಕೇಳಿದರೆ ಅದು ದೇವರ ಕರೆ. ಅಲ್ಲಿಯವರೆಗೆ ಅವಳನ್ನು ಪ್ರೀತಿಯಿಂದ ಕಾಣುವುದೇ ನಮ್ಮ ಕರ್ತವ್ಯ.

ನಾಲ್ಕನೆಯ ಹಂತ ಪಾಸ್ಖದಿಂದ ಪೆಂತೆಕೋಸ್ತ್ ಹಬ್ಬದವರೆಗಿನ ಐವತ್ತು ದಿನಗಳು. ಸ್ವೀಕರಿಸಿದ ಸಂಸ್ಕಾರಗಳನ್ನು ಬಾಳಿನಲ್ಲಿ ಸವಿಯುವ ಈ ಕಾಲದಲ್ಲೇ ನಾವು ಹೆಚ್ಚಾಗಿ ಸೋಲುತ್ತೇವೆ. ಜಾಗರಣೆಯ ರಾತ್ರಿ ಕೈಕುಲುಕಿ ಫೋಟೋ ತೆಗೆಸಿಕೊಂಡ ನಮಗೆ ಮುಂದಿನ ಭಾನುವಾರ ಅವರ ಹೆಸರೇ ನೆನಪಿರುವುದಿಲ್ಲ. ಹಳೆಯ ಬಂಧುಗಳು ಮುನಿಸಿಕೊಂಡಿದ್ದಾರೆ, ಹೊಸಬರು ಮಾತಾಡಿಸುತ್ತಿಲ್ಲ. ಹಿಂದಿನ ಬೆಂಚಿನಲ್ಲಿ ಒಬ್ಬರೇ ಕುಳಿತು, ಒಂದು ದಿನ ಬರುವುದನ್ನೇ ನಿಲ್ಲಿಸುತ್ತಾರೆ.

ಇದು ಗುರುಗಳು ಮತ್ತು ಉಪದೇಶಿಗಳಿಗಷ್ಟೇ ಬಿಟ್ಟ ಕೆಲಸವಲ್ಲ. ಬಲಿಪೂಜೆಯಲ್ಲಿ ಅವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳೋಣ. ಮನೆಯ ಜಪಮಾಲೆಗೂ ಹಬ್ಬದ ಊಟಕ್ಕೂ ಕರೆಯೋಣ. ಜ್ಞಾನತಂದೆ, ಜ್ಞಾನತಾಯಿಯಾಗಿ ನಿಂತವರು ತಿಂಗಳಿಗೊಮ್ಮೆಯಾದರೂ ಅವರ ಬಾಗಿಲು ತಟ್ಟೋಣ.

ಫಿಲಿಪ್ಪನು ಬೋಧಿಸುವ ಮೊದಲು ರಥವನ್ನೇರಿ ಕುಳಿತನು. ಈ ಪಾಸ್ಖ ಹಬ್ಬದಲ್ಲಿ ನಮ್ಮ ಧರ್ಮಕೇಂದ್ರದಲ್ಲಿ ಯಾರ ಪಕ್ಕದ ಜಾಗ ಖಾಲಿಯಿದೆ? ಅಲ್ಲಿ ಹೋಗಿ ಕೂರುವ ಪ್ರೀತಿಯನ್ನು ಪುನರುತ್ಥಾನ ಹೊಂದಿದ ಪ್ರಭು ಯೇಸು ನಮಗೆಲ್ಲರಿಗೂ ದಯಪಾಲಿಸಲಿ.