ಯರಗೋಳ್‌ನಿಂದ ನಲ್ಲಿಯವರೆಗೆ

2023ರ ನವೆಂಬರ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಯರಗೋಳ್ ಕುಡಿಯುವ ನೀರಿನ ಯೋಜನೆಯನ್ನು ಉದ್ಘಾಟಿಸಿದರು. ಕೋಲಾರ, ಮಾಲೂರು, ಬಂಗಾರಪೇಟೆ ಪಟ್ಟಣಗಳು ಮತ್ತು ದಾರಿಯಲ್ಲಿನ 45 ಹಳ್ಳಿಗಳು ಇದಕ್ಕಾಗಿ ಒಂದೂವರೆ ದಶಕ ಕಾದಿದ್ದವು. ನೀರು ಬಂತು, ಸರಿ. ಆದರೆ ಆ ನೀರನ್ನು ಮನೆಮನೆಗೆ ಹಂಚಬೇಕಾದ ಕೋಲಾರ ನಗರಸಭೆಗಾಗಲಿ, ಮಾಲೂರು, ಬಂಗಾರಪೇಟೆ ಪುರಸಭೆಗಳಿಗಾಗಲಿ ಆಗ ಅಧ್ಯಕ್ಷರೇ ಇರಲಿಲ್ಲ. ಅಧ್ಯಕ್ಷ ಸ್ಥಾನದ ಮೊದಲ ಅವಧಿ ಮುಗಿದಿತ್ತು, ಎರಡನೇ ಅವಧಿಯ ಮೀಸಲಾತಿ ಪಟ್ಟಿ ಹೊರಬಿದ್ದಿರಲಿಲ್ಲ. ಗೆದ್ದ ಸದಸ್ಯರು ವಾರ್ಡುಗಳಲ್ಲಿದ್ದರು, ಆಡಳಿತಾಧಿಕಾರಿಗಳು ಕಚೇರಿಯಲ್ಲಿದ್ದರು.

ನಮ್ಮ ಸಣ್ಣ ಊರುಗಳ ದೊಡ್ಡ ಕೆಲಸಗಳು ಹೇಗೆ ಆಗುತ್ತವೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ. ಆದರೆ ಕತೆ ಶುರುವಾಗುವುದು ಇನ್ನೂ ಬಹಳ ಹಿಂದೆ.

ಕೋಲಾರದ ನೆಲದಲ್ಲಿ ನದಿಗಳ ಹೆಸರಿಗೆ ಕೊರತೆಯಿಲ್ಲ. ಪಾಲಾರ್ ಬೇತಮಂಗಲದ ಮೇಲೆ ಹಾದು ಆಂಧ್ರ, ತಮಿಳುನಾಡಿಗೆ ಹೋಗುತ್ತದೆ. ದಕ್ಷಿಣ ಪಿನಾಕಿನಿ ಮಾಲೂರಿನ ಅಂಚು ಸವರಿಕೊಂಡು ತಮಿಳುನಾಡು ಸೇರುತ್ತದೆ. ವರ್ಷವಿಡೀ ಹರಿಯುವ ನದಿ ಮಾತ್ರ ಒಂದೂ ಇಲ್ಲ. ಇರುವವುಗಳಿಗೂ 1892ರ ಮದ್ರಾಸ್–ಮೈಸೂರು ಒಪ್ಪಂದದ ಕಟ್ಟು ಬಿತ್ತು. ಒಪ್ಪಂದದ ಪಟ್ಟಿಯಲ್ಲಿದ್ದ ನದಿಗಳಿಗೆ ಮದ್ರಾಸ್ ಸರ್ಕಾರದ ಸಮ್ಮತಿಯಿಲ್ಲದೆ ಮೈಸೂರು ಹೊಸ ಜಲಾಶಯ ಕಟ್ಟುವಂತಿರಲಿಲ್ಲ. ಹಾಗಾಗಿ ಇಲ್ಲಿನ ಜನ ಅಣೆಕಟ್ಟೆಯನ್ನಲ್ಲ, ಕೆರೆಯನ್ನು ನಂಬಿ ಬದುಕಿದರು. ಕೋಲಾರಮ್ಮನ ಕೆರೆಯಿಂದ ಹಿಡಿದು ಹಳ್ಳಿಯ ಕುಂಟೆಯವರೆಗೆ ಸಾವಿರಾರು ಕೆರೆಗಳು ಒಂದರ ಕೋಡಿ ಇನ್ನೊಂದರ ಒಡಲಿಗೆ ಬೀಳುವಂತೆ ಸಾಲುಗಟ್ಟಿವೆ. ಅದೇ ಜಿಲ್ಲೆಯ ಚಿನ್ನದ ಗಣಿಗಳಿಗೆ 1902ರಲ್ಲೇ ಶಿವನಸಮುದ್ರದಿಂದ ವಿದ್ಯುತ್ ಬಂತು. ಇಪ್ಪತ್ತನೇ ಶತಮಾನದ ಆರಂಭದಲ್ಲೇ ಬೇತಮಂಗಲದಿಂದ ಕೆಜಿಎಫ್‌ಗೆ ಕೊಳಾಯಿ ನೀರೂ ಹೋಯಿತು. ಚಿನ್ನ ತೆಗೆಯುವವರಿಗೆ ಸರ್ಕಾರ ಅಷ್ಟು ಬೇಗ ಓಗೊಟ್ಟಿತು. ಪಕ್ಕದ ಕೋಲಾರ, ಮಾಲೂರುಗಳಿಗೆ ನದಿನೀರಿನ ಯೋಜನೆ ಸಿಗಲು ಇನ್ನೂ ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು ಎಂಬುದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ನಡುವಿನ ಕಾಲವನ್ನು ತುಂಬಿದ್ದು ಕೊಳವೆಬಾವಿ. ಮುನ್ನೂರು ಅಡಿಗೆ ಸಿಗುತ್ತಿದ್ದ ನೀರು ಸಾವಿರ ಅಡಿಗೆ, ಆಮೇಲೆ ಅದಕ್ಕೂ ಕೆಳಗೆ ಇಳಿಯಿತು. ಆಳಕ್ಕೆ ಹೋದಷ್ಟೂ ಫ್ಲೋರೈಡ್. ಲೀಟರ್‌ಗೆ 1.5 ಮಿಲಿಗ್ರಾಂ ದಾಟಿದರೆ ಅದು ಕುಡಿಯುವ ನೀರಲ್ಲ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಎಷ್ಟೋ ಬಾವಿಗಳು ಆ ಗೆರೆ ದಾಟಿದವು. ಬಾವಿ ಬತ್ತಿದ ವಾರ್ಡಿಗೆ ಟ್ಯಾಂಕರ್ ಬಂತು.

ಟ್ಯಾಂಕರ್ ಬಂದಲ್ಲಿ ಗುತ್ತಿಗೆಯ ವಿಷಯವೂ ಬರುತ್ತದೆ. ಕರ್ನಾಟಕದಲ್ಲಿ ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆ ಕಾಯ್ದೆ, 1999 ಎಂಬುದೊಂದಿದೆ. ಅದರ ಪ್ರಕಾರ 5 ಲಕ್ಷ ರೂಪಾಯಿ ದಾಟಿದ ಕಾಮಗಾರಿಗೆ ಟೆಂಡರ್ ಕಡ್ಡಾಯ. ಅದರೊಳಗಿನದಕ್ಕೆ ವಿನಾಯಿತಿ ಉಂಟು. ಹೀಗಾಗಿ ಒಂದೇ ರಸ್ತೆಯ ಮೋರಿಯನ್ನು ನಾಲ್ಕು ತುಂಡು ಮಾಡಿ ನಾಲ್ಕು ಎಸ್ಟಿಮೇಟ್ ಬರೆಯುವ ಆಸೆ ಹುಟ್ಟುತ್ತದೆ. ಜನರ ಬಾಯಲ್ಲಿ ಇದಕ್ಕೆ ತುಂಡು ಗುತ್ತಿಗೆ ಎಂದೇ ಹೆಸರು. ಇನ್ನೊಂದು ವಿನಾಯಿತಿ ನೈಸರ್ಗಿಕ ವಿಕೋಪದ್ದು. ಸರ್ಕಾರ ವಿಕೋಪವೆಂದು ಘೋಷಿಸಿದ ಅವಧಿಯಲ್ಲಿ ಟೆಂಡರಿಲ್ಲದೆಯೂ ಖರೀದಿಸಬಹುದು. ಬಾಯಾರಿದವನ ಮುಂದೆ ಟೆಂಡರ್ ಪ್ರಕಟಣೆ ಹಿಡಿಯಲಾಗದು. ಆ ವಿನಾಯಿತಿ ನ್ಯಾಯವಾದದ್ದೇ. ಆದರೆ ಬರ ಮತ್ತೆ ಮತ್ತೆ ಬರುವ ಜಿಲ್ಲೆಯಲ್ಲಿ ತುರ್ತು ಎಂಬುದೇ ವಾಡಿಕೆಯಾಗಿಬಿಟ್ಟರೆ, ಶಾಶ್ವತ ಪೈಪಿಗೆ ಬೀಳಬೇಕಾದ ಹಣ ಟ್ಯಾಂಕರ್ ಬಾಡಿಗೆಗೆ ಸೋರಿಹೋಗುತ್ತದೆ. ಒಂದು ಬೇಸಿಗೆಯ ಬಾಡಿಗೆ ಮುಂದಿನ ಬೇಸಿಗೆಗೆ ಏನನ್ನೂ ಉಳಿಸುವುದಿಲ್ಲ.

ಈ ಸುತ್ತಿನಿಂದ ಹೊರಬರುವ ದಾರಿಯಾಗಿ ಕಂಡದ್ದು ಯರಗೋಳ್. ಬಂಗಾರಪೇಟೆ ತಾಲ್ಲೂಕಿನ ಗಡಿಯಂಚಿನಲ್ಲಿ, ಬೆಟ್ಟಗಳ ನಡುವೆ, ದಕ್ಷಿಣ ಪಿನಾಕಿನಿಯ ಉಪನದಿ ಮಾರ್ಕಂಡೇಯ ತಮಿಳುನಾಡಿಗೆ ಇಳಿಯುವ ಮುನ್ನ ಅದಕ್ಕೊಂದು ಕಟ್ಟೆ. ಸಾಮರ್ಥ್ಯ ಅರ್ಧ ಟಿಎಂಸಿ. ಕೆಲಸದ ಹೊಣೆ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯದು. ಮುಳುಗಡೆಗೆ ಅರಣ್ಯಭೂಮಿಯೂ ಬೇಕಿತ್ತು, ರೈತರ ಜಮೀನೂ ಬೇಕಿತ್ತು. ಸರ್ಕಾರಗಳು ಬದಲಾದವು, ಅಂದಾಜು ಪಟ್ಟಿ ಪರಿಷ್ಕರಣೆಯಾಗುತ್ತಾ ಹೋಯಿತು, ಉದ್ಘಾಟನೆಯ ವೇಳೆಗೆ ವೆಚ್ಚ 300 ಕೋಟಿ ರೂಪಾಯಿ ದಾಟಿತ್ತು.

ನಡುವೆ ತಮಿಳುನಾಡು ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಅದೇ 1892ರ ಒಪ್ಪಂದವನ್ನು ಮುಂದಿಟ್ಟು, ಕೆಳಗಿನವರ ಒಪ್ಪಿಗೆಯಿಲ್ಲದೆ ಕಟ್ಟಬಾರದು ಎಂದಿತು. ಇದು ಕುಡಿಯುವ ನೀರಿಗಾಗಿ ಎಂಬುದು ಕರ್ನಾಟಕದ ವಾದ. 2019ರ ನವೆಂಬರ್ 14ರಂದು ನ್ಯಾಯಾಲಯ ತಡೆ ಕೋರಿದ್ದ ಅರ್ಜಿಯನ್ನು ವಜಾ ಮಾಡಿತು. ನ್ಯಾಯಮಂಡಳಿ ಬೇಕಿದ್ದರೆ ಕೇಂದ್ರವನ್ನು ಕೇಳಿ ಎಂದು ತಮಿಳುನಾಡಿಗೆ ಹೇಳಿತು. ಎರಡು ವರ್ಷದ ನಂತರ, 2021ರ ಭಾರಿ ಮಳೆಗೆ ಜಲಾಶಯ ತುಂಬಿ ಹರಿಯಿತು. ಜನ ಬಂಡಿ ಕಟ್ಟಿಕೊಂಡು ನೋಡಲು ಹೋದರು. ಆ ನೀರು ಯೋಜನೆಯಾಗಿ ಉದ್ಘಾಟನೆಯಾಗಲು ಮತ್ತೆರಡು ವರ್ಷ.

ಈಗ ಸ್ವಲ್ಪ ಲೆಕ್ಕ ಹಾಕೋಣ. ಅರ್ಧ ಟಿಎಂಸಿ ಎಂದರೆ ಸುಮಾರು 1,416 ಕೋಟಿ ಲೀಟರ್. ಆವಿಯಾಗುವುದನ್ನು ಬಿಟ್ಟು, ಪ್ರತಿ ವರ್ಷ ಒಮ್ಮೆ ತುಂಬುತ್ತದೆ ಎಂದುಕೊಂಡರೂ ದಿನಕ್ಕೆ ಸಿಗುವುದು 3.9 ಕೋಟಿ ಲೀಟರಿಗೂ ತುಸು ಕಡಿಮೆ. ಒಳಚರಂಡಿಯಿರುವ ಪಟ್ಟಣದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಎಂಬುದು ಮಾನದಂಡ. ಆ ಲೆಕ್ಕದಲ್ಲಿ ಇದು ಸುಮಾರು 2.87 ಲಕ್ಷ ಜನರಿಗೆ ಸಾಕು. 2011ರ ಜನಗಣತಿಯಲ್ಲೇ ಕೋಲಾರ 1.38 ಲಕ್ಷ, ಬಂಗಾರಪೇಟೆ ಸುಮಾರು 45 ಸಾವಿರ, ಮಾಲೂರು 40 ಸಾವಿರ, ಒಟ್ಟು 2.23 ಲಕ್ಷ. ಆಮೇಲೆ ನರಸಾಪುರ, ವೇಮಗಲ್, ಮಾಲೂರಿನ ಕೈಗಾರಿಕೆಗಳ ಸುತ್ತ ಊರುಗಳು ಬೆಳೆದಿವೆ. ಹಳ್ಳಿಗಳ ಪಾಲು ಬೇರೆ. ಅಂದರೆ ಕಟ್ಟೆ ತುಂಬಿದ ವರ್ಷವೂ ಪೋಲು ಮಾಡಲು ಹನಿಯಿಲ್ಲ. ಹಳೆಯ ಪೈಪಿನಲ್ಲಿ ಸೋರಿದ ನೀರು ಯಾರದೋ ಪಾಲಿನ ನೀರೇ.

ಆ ಸೋರಿಕೆ ನಿಲ್ಲಿಸುವುದು ಯಾರ ಕೆಲಸ? ಕಟ್ಟೆ ಮಂಡಳಿಯದಾದರೆ ಬೀದಿಯ ಪೈಪು, ಓವರ್‌ಹೆಡ್ ಟ್ಯಾಂಕು, ವಾಟರ್‌ಮ್ಯಾನ್, ನೀರಿನ ಕಂದಾಯ, ಪಂಪ್‌ಸೆಟ್ಟಿನ ಕರೆಂಟ್ ಬಿಲ್ಲು ಇವೆಲ್ಲ ನಗರಸಭೆ, ಪುರಸಭೆಯ ಮೇಲೆ ಬೀಳುತ್ತವೆ. ಯಾವ ಬಡಾವಣೆಗೆ ಮೊದಲು ಹೊಸ ಪೈಪು, ಮೀಟರ್ ಬೇಕೇ, ದರ ಎಷ್ಟು ಎಂಬುದನ್ನು ಸಾಮಾನ್ಯ ಸಭೆ ತೀರ್ಮಾನಿಸಬೇಕು. ಆ ಸಭೆಗೆ ಬೇಕಾದವರು ಅಧ್ಯಕ್ಷರು.

ಮಾಲೂರು, ಶ್ರೀನಿವಾಸಪುರ, ಬಂಗಾರಪೇಟೆ ಪುರಸಭೆಗಳಿಗೆ 2019ರ ಮೇ 29ರಂದು ಮತದಾನವಾಯಿತು. ಕೋಲಾರ, ಮುಳಬಾಗಿಲು, ಕೆಜಿಎಫ್ ನಗರಸಭೆಗಳಿಗೆ ಅದೇ ವರ್ಷ ನವೆಂಬರ್ 12ರಂದು. ಮೀಸಲಾತಿಯ ವ್ಯಾಜ್ಯ, ವಿಳಂಬ ದಾಟಿ ಅಧ್ಯಕ್ಷರ ಆಯ್ಕೆಯಾದದ್ದು 2020ರ ಕೊನೆಗೆ. ಮೂವತ್ತು ತಿಂಗಳ ಆ ಅವಧಿ 2023ರಲ್ಲಿ ಮುಗಿದ ಮೇಲೆ ಮುಂದಿನ ಪಟ್ಟಿ ಪ್ರಕಟವಾಗಲು 2024ರ ಆಗಸ್ಟ್ ಬರಬೇಕಾಯಿತು. ಆಡಳಿತಾಧಿಕಾರಿಗಳಲ್ಲಿ ಒಳ್ಳೆಯವರಿದ್ದಾರೆ, ಕೆಲಸ ಮಾಡಿದವರೂ ಇದ್ದಾರೆ. ಆದರೆ ಅವರ ಮನೆ ಬಾಗಿಲಿಗೆ ಖಾಲಿ ಬಿಂದಿಗೆ ಹಿಡಿದು ಹೋಗುವಂತಿಲ್ಲ. ಪಕ್ಷ ಯಾವುದೇ ಇರಲಿ, ಮೀಸಲಾತಿ ಪಟ್ಟಿಯನ್ನು ಸಕಾಲಕ್ಕೆ ಹೊರಡಿಸದ ಸರ್ಕಾರಗಳು ಸಣ್ಣ ಪಟ್ಟಣಗಳ ಮತವನ್ನು ಕಡೆಗಣಿಸಿವೆ ಎಂದು ಹೇಳದೆ ಗತ್ಯಂತರವಿಲ್ಲ.

ಮುಳಬಾಗಿಲು ಮತ್ತು ಶ್ರೀನಿವಾಸಪುರ ಯರಗೋಳ್ ನಕಾಶೆಯ ಹೊರಗೇ ಉಳಿದವು. ಅವುಗಳ ಪಾಲಿಗೆ ಬಂದದ್ದು ಬೇರೆ ಮಾತುಗಳು. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೆರೆ ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂತು. ಮರುತಿಂಗಳೇ ನೊರೆ ಕಂಡು ಹೈಕೋರ್ಟ್ ತಡೆ ನೀಡಿತು. 2019ರಲ್ಲಿ ಸುಪ್ರೀಂ ಕೋರ್ಟ್ ಅನುಮತಿಸಿದ ಮೇಲೆ ನೀರು ಮತ್ತೆ ಹರಿಯಿತು. ಬತ್ತಿದ್ದ ಕೆರೆಗಳು ತುಂಬಿದವು, ಬಾವಿಗಳಲ್ಲಿ ನೀರು ಮೇಲೆ ಬಂತು. ಆದರೆ ಎರಡು ಹಂತದ ಸಂಸ್ಕರಣೆ ಸಾಲದು, ಮೂರನೇ ಹಂತ ಬೇಕೇ ಬೇಕು ಎಂಬ ಹೋರಾಟಗಾರರ ಬೇಡಿಕೆ ಇವತ್ತಿಗೂ ನ್ಯಾಯವಾದದ್ದು. ಸಕಲೇಶಪುರದ ಕಡೆಯಿಂದ ನೀರು ತರುವ ಎತ್ತಿನಹೊಳೆ ಯೋಜನೆಗೆ 2014ರಲ್ಲಿ ಶಂಕುಸ್ಥಾಪನೆಯಾಯಿತು, ಮೊದಲ ಹಂತ ಸಕಲೇಶಪುರದ ಬಳಿ ಉದ್ಘಾಟನೆಯಾದದ್ದು 2024ರ ಸೆಪ್ಟೆಂಬರ್‌ನಲ್ಲಿ. ಸಕಲೇಶಪುರದಿಂದ ಶ್ರೀನಿವಾಸಪುರಕ್ಕೆ ದಾರಿ ಬಹಳ ದೂರ.

ಹಳ್ಳಿಯವನಿಗೆ ಗ್ರಾಮಸಭೆಯಿದೆ. ಸಂವಿಧಾನದ 74ನೇ ತಿದ್ದುಪಡಿ ಮೂರು ಲಕ್ಷ ಮತ್ತು ಅದಕ್ಕೂ ಮಿಕ್ಕಿ ಜನರಿರುವ ನಗರಗಳಿಗೆ ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿದೆ. ಈ ಊರುಗಳೆಲ್ಲ ಎರಡರ ನಡುವೆ ಬಿದ್ದಿವೆ. ನಗರೋತ್ಥಾನ ಯೋಜನೆಯ ಸಿಸಿ ರಸ್ತೆ ಯಾವ ಬೀದಿಗೆ, ಅಮೃತ್ ಯೋಜನೆಯ ಪೈಪು ಯಾವ ವಾರ್ಡಿಗೆ ಎಂದು ಕೇಳಲು ಜನರಿಗೆ ಕಾನೂನು ಕೊಟ್ಟ ಖಾಯಂ ಕಟ್ಟೆಯಿಲ್ಲ. ಮೂರು ಲಕ್ಷದ ಮಿತಿಗೆ ಕಾಯದೆ, ರಾಜ್ಯ ಸರ್ಕಾರ ತನ್ನ ಕಾನೂನಿನಲ್ಲೇ ಎಲ್ಲ ನಗರಸಭೆ, ಪುರಸಭೆಗಳಿಗೂ ವಾರ್ಡ್ ಸಮಿತಿ ತರಬೇಕು. ಅಲ್ಲಿಯವರೆಗೆ ಕೈಯಲ್ಲಿರುವುದು ಮಾಹಿತಿ ಹಕ್ಕು. ಹತ್ತು ರೂಪಾಯಿ ಶುಲ್ಕ ಕಟ್ಟಿ ಮೂರು ಕಾಗದ ಕೇಳಿ: ಕಳೆದ ಸಾಮಾನ್ಯ ಸಭೆಯ ನಡಾವಳಿ, ನಿಮ್ಮ ವಾರ್ಡಿನ ಕಾಮಗಾರಿಗಳ ಎಸ್ಟಿಮೇಟ್, ಈ ಬೇಸಿಗೆಯ ಟ್ಯಾಂಕರ್ ಬಿಲ್ಲು. ಮೂವತ್ತು ದಿನದೊಳಗೆ ಉತ್ತರ ಕೊಡಲೇಬೇಕು. ಕೊಡದಿದ್ದರೆ ಮೇಲ್ಮನವಿ ಹಾಕಿ, ಬಂದ ಕಾಗದವನ್ನು ನಿಮ್ಮ ಬೀದಿಯವರಿಗೆಲ್ಲ ತೋರಿಸಿ.