ದೋಸೆ ಹೆಚ್ಚಾಯಿತು, ಹಿಟ್ಟೂ ಉಳಿಯಿತು

ಗಲ್ಲಾದ ದುಡ್ಡಿಗೂ ಬಿಲ್ಲಿಂಗ್ ಮೆಷಿನ್ನಿನ ಲೆಕ್ಕಕ್ಕೂ ತಾಳೆಯಾಗದಿದ್ದರೆ ಹೋಟೆಲ್ ಓನರುಗಳ ಅನುಮಾನ ನೇರ ಕ್ಯಾಷಿಯರ್ ಮೇಲೆ ಹೋಗುತ್ತದೆ. ಬೆಂಗಳೂರಿನ ದರ್ಶಿನಿಗಳ ಲೆಕ್ಕ ಬರೆಯುವ ನಾನು ಮೊದಲು ಕೇಳುವುದು, ‘ವ್ಯತ್ಯಾಸ ಎಷ್ಟು?’ ಅಂತ.

ಹತ್ತು ರೂಪಾಯಿಯ ಆಸುಪಾಸಾದರೆ ಅದು ಪೈಸೆಯ ಕಾಟ. 35 ರೂಪಾಯಿಯ ಇಡ್ಲಿಯಲ್ಲಿ ಶೇ 5ರ ಜಿಎಸ್‌ಟಿ ಒಳಗೇ ಸೇರಿದೆ ಅನ್ನಿ. ಮೆಷಿನ್ 33.33 ಬೆಲೆ, ಕೇಂದ್ರಕ್ಕೆ 83 ಪೈಸೆ, ರಾಜ್ಯಕ್ಕೆ 83 ಪೈಸೆ ಎಂದು ಬಿಡಿಸುತ್ತದೆ. ಕೂಡಿದರೆ 34.99. ಅಂಥ ಸಾವಿರ ಬಿಲ್ಲಿಗೆ ಹತ್ತು ರೂಪಾಯಿ. ಅದಕ್ಕೇ ‘ರೌಂಡ್ ಆಫ್’ ಅಂತೊಂದು ಕಾಲಂ ಇರುವುದು. ವ್ಯತ್ಯಾಸ 9ರಿಂದ ಶೇಷವಿಲ್ಲದೆ ಭಾಗವಾದರೆ, ಯಾರೋ 540ರ ಬದಲು 450 ಒತ್ತಿರಬಹುದು. ಹಳೇ ಗುಮಾಸ್ತರ ಉಪಾಯ, ಇಂದಿಗೂ ಕೆಲಸಕ್ಕೆ ಬರುತ್ತದೆ. ತಿಂಡಿಯ ಬೆಲೆಯನ್ನೇ ತಪ್ಪಾಗಿ ಏರಿಸಿದ್ದರೆ ನಾನು ಬೇಕಿಲ್ಲ, ಗಿರಾಕಿಯೇ ಕೌಂಟರಿನಲ್ಲಿ ನಿಂತು ಜಗಳ ತೆಗೆಯುತ್ತಾನೆ.

ಒಂದು ಹೋಟೆಲಿನಲ್ಲಿ ಭಾನುವಾರಗಳಂದು ಮಾತ್ರ ನಗದು, ಯುಪಿಐ ಎರಡೂ ಸೇರಿ ಸಾವಿರಗಟ್ಟಲೆ ಕಡಿಮೆ ಬೀಳುತ್ತಿತ್ತು. ಕ್ಯಾಷಿಯರ್ ಹುಡುಗನ ಸಂಬಳದಲ್ಲಿ ಹಿಡಿಯುವ ಮಾತೂ ನಡೆದಿತ್ತು. ಮೆಷಿನ್ನಿನ ಪಟ್ಟಿಯನ್ನು ದೋಸೆ ಕಲ್ಲಿನ ಮುಂದಿದ್ದ ಭಟ್ಟರಿಗೆ ತೋರಿಸಿದೆ. ‘ಇಷ್ಟು ಮಸಾಲೆ ದೋಸೆ ಹೊಯ್ದಿದ್ರೆ ಹಿಟ್ಟು ಹ್ಯಾಗೆ ಉಳೀತಿತ್ತು ಸಾರ್?’ ಅಂದರು. ಅವರ ಪಕ್ಕದ ಮೊಳೆಗೆ ಚುಚ್ಚಿದ್ದ ಚೀಟಿಗಳನ್ನು ಎಣಿಸಿದೆವು. ಮೆಷಿನ್ ಹೇಳಿದ್ದಕ್ಕಿಂತ ಕಡಿಮೆಯೇ ಇದ್ದವು.

ಆಮೇಲೆ ಬಿಲ್ ನಂಬರು ನೋಡಿದೆ. ಜಿಎಸ್‌ಟಿ ನಿಯಮದ ಪ್ರಕಾರ ಒಂದು ಆರ್ಥಿಕ ವರ್ಷದಲ್ಲಿ ನಂಬರು ಸಾಲಾಗಿ ಬರಬೇಕು, ಮರುಕಳಿಸಬಾರದು. ಕೊನೆಯ ನಂಬರಿನಿಂದ ಮೊದಲನೆಯದನ್ನು ಕಳೆದು ಒಂದು ಕೂಡಿದರೆ ಆ ದಿನದ ಬಿಲ್ಲುಗಳ ಸಂಖ್ಯೆ. ಪಟ್ಟಿಯಲ್ಲಿ ಅದಕ್ಕಿಂತ ಹೆಚ್ಚು ಸಾಲುಗಳಿದ್ದವು. ಅದೇ ನಂಬರು, ಅದೇ ಸೆಕೆಂಡು, ಅದೇ ಎರಡು ಮಸಾಲೆ ಒಂದು ಕಾಫಿ, ಎರಡೆರಡು ಸಲ.

ಭಾನುವಾರದ ನೂಕುನುಗ್ಗಲಿನಲ್ಲಿ ಇಂಟರ್‌ನೆಟ್ ತಡವರಿಸುತ್ತಿತ್ತು. ಲೈನ್ ಇಲ್ಲದಾಗ ಮೆಷಿನ್ ಬಿಲ್ಲುಗಳನ್ನು ತನ್ನಲ್ಲೇ ಇಟ್ಟುಕೊಂಡು, ಬಂದಾಗ ಸರ್ವರಿಗೆ ಕಳಿಸುತ್ತದೆ. ಬಿಲ್ ತಲುಪಿತ್ತು, ‘ತಲುಪಿತು’ ಎಂಬ ಉತ್ತರ ಮಾತ್ರ ವಾಪಸು ಬಂದಿರಲಿಲ್ಲ. ಮೆಷಿನ್ ಮತ್ತೆ ಕಳಿಸಿತು, ಸರ್ವರ್ ಮತ್ತೆ ಬರೆದುಕೊಂಡಿತು. ಒಂದೇ ನಂಬರು ಎರಡನೇ ಸಲ ಬಂದರೆ ಬೇಡ ಅನ್ನುವಷ್ಟು ಬುದ್ಧಿಯನ್ನು ಅದಕ್ಕೆ ಯಾರೂ ಕೊಟ್ಟಿರಲಿಲ್ಲ. ಚೀಟಿ ಒಂದೇ, ದೋಸೆ ಒಂದೇ, ದುಡ್ಡೂ ಒಂದೇ ಸಲ ಬಂದದ್ದು. ಹುಡುಗನ ಸಂಬಳ ಉಳಿಯಿತು.

ನಂಬರು ಮಧ್ಯೆ ತಪ್ಪಿಹೋಗಿದ್ದರೆ ಬೇರೆ ವಿಚಾರ. ಕ್ಯಾನ್ಸಲ್ ಆದ ಬಿಲ್ಲಿಗೂ ನಂಬರು ಇರುತ್ತದೆ, ಯಾರು ಎಷ್ಟು ಹೊತ್ತಿಗೆ ಮಾಡಿದರು ಎಂಬ ದಾಖಲೆ ಇರಬೇಕು. ದುಡ್ಡು ಕೊಟ್ಟ ಗಿರಾಕಿ ಹೊರಟ ಮೇಲೆ ಕ್ಯಾನ್ಸಲ್ ಆಗಿದ್ದರೆ ಅದನ್ನು ಮೆಷಿನ್ನಿನ ತಲೆಗೆ ಕಟ್ಟಬಾರದು.

ನನಗೆ ಹೆಚ್ಚು ಭಯವಿರುವುದು ಗಲ್ಲಾ ತಾಳೆಯಾಗಿಯೂ ಉಳಿಯುವ ತಪ್ಪುಗಳದ್ದು. ಸ್ವಿಗ್ಗಿ, ಜೊಮ್ಯಾಟೊ ಮೂಲಕ ಹೋಗುವ ಸಾಮಾನ್ಯ ಹೋಟೆಲಿನ ಊಟದ ಜಿಎಸ್‌ಟಿಯನ್ನು 2022ರ ಜನವರಿ 1ರಿಂದ ಆ ಕಂಪನಿಗಳೇ ಕಟ್ಟಬೇಕು. ಹೋಟೆಲಿನ ಮೆಷಿನ್ನಿನಲ್ಲಿ ಆ ಆರ್ಡರುಗಳೂ ಕೌಂಟರಿನ ಮಾರಾಟದ ಜೊತೆ ಬೆರೆತಿದ್ದರೆ ಓನರ್ ಅದೇ ತೆರಿಗೆಯನ್ನು ಇನ್ನೊಮ್ಮೆ ಕಟ್ಟುತ್ತಾನೆ. ಹಿಟ್ಟು, ಚೀಟಿ, ನಗದು ಯಾವುದೂ ಇಲ್ಲಿ ಸುಳಿವು ಕೊಡುವುದಿಲ್ಲ. ಹಾಗಾಗಿ ರಿಟರ್ನ್ ತುಂಬುವ ಮುಂಚೆ ಕಂಪನಿಯವರು ಕಳಿಸುವ ಪಟ್ಟಿಯನ್ನು ಪಕ್ಕಕ್ಕಿಟ್ಟುಕೊಂಡು ಒಂದೊಂದೇ ಆರ್ಡರ್ ಟಿಕ್ ಹಾಕುತ್ತೇನೆ.